ಭಾವನ ಇನ್‌ಸ್ಟಾಲರ್, ಅಕ್ಕನ ಬೈಗುಳ

ಒಂದು ಮಂಗಳವಾರ ಬೆಳಗ್ಗೆ ಹನ್ನೊಂದೂ ಇಪ್ಪತ್ತಕ್ಕೆ ನಾನು ಚೆನ್ನೈನ ಒಂದು ಆಸ್ಪತ್ರೆಯ ಎರಡನೇ ಮಹಡಿಯಲ್ಲಿ, ಮಾತಿನ ತರಬೇತಿ ಕೊಡುವ ಕೋಣೆಯೊಳಗೆ, ತೂಕದ ಯಂತ್ರಕ್ಕೂ ಕಿಟಕಿಗೂ ನಡುವೆ ನಿಂತಿದ್ದೆ. ನನ್ನ ಬಲಗೈಯಲ್ಲಿ ಅಕ್ಕನ ಚೀಲವಿತ್ತು. ನನಗೂ ನನ್ನ ಭಾವನಿಗೂ ನಡುವಿನ ಅಂತರ ಹೆಚ್ಚೆಂದರೆ ಮೂರು ಅಡಿ. ಆದ್ದರಿಂದ ನಾನು ಹೇಳುವುದನ್ನು ನೀವು ನಂಬಬಹುದು. ಪರದೆಯ ಮೇಲೆ ‘ಒಪ್ಪುತ್ತೇನೆ’, ‘ಒಪ್ಪುವುದಿಲ್ಲ’ ಎಂಬ ಎರಡು ಗುಂಡಿಗಳು ಬಂದಾಗ ‘ಒಪ್ಪುವುದಿಲ್ಲ’ ಎಂಬುದನ್ನು ಒತ್ತಿದ ಮನುಷ್ಯ ಭೂಮಿಯ ಮೇಲೆ ಒಬ್ಬರೇ ಇದ್ದಾರೆ, ಅವರು ನನ್ನ ಅಕ್ಕನ ಗಂಡ!

ನೀವು ಎಂದಾದರೂ ಒತ್ತಿದ್ದೀರಾ? ನಾನಂತೂ ಇಲ್ಲ. ಕೋಟಿನ ತೋಳಿಗೆ ಹೊಲಿದ ಗುಂಡಿಯ ಹಾಗೆ ಅದೂ ಅಲಂಕಾರಕ್ಕೆ ಇರುವುದೆಂದು ತಿಳಿದಿದ್ದೆ.

ನಾವು ಅಲ್ಲಿಗೆ ಹೋದ ಕಾರಣ ಹೇಳಬೇಕು. ಅಕ್ಕನ ಗಂಟಲಿನಲ್ಲಿ ಒಂದು ಗಡ್ಡೆ ಬೆಳೆದಿತ್ತು. ಗಡ್ಡೆಯ ಜೊತೆ ಧ್ವನಿಪೆಟ್ಟಿಗೆಯನ್ನೂ ತೆಗೆಯಬೇಕು, ಆಮೇಲೆ ಅವಳು ಬದುಕುತ್ತಾಳೆ, ಆದರೆ ಮಾತಾಡುವುದಿಲ್ಲ ಎಂದು ವೈದ್ಯರು ಹೇಳಿದ್ದರು. ಅಲ್ಲಿಂದ ಮೂರನೇ ಶನಿವಾರ ಆಸ್ಪತ್ರೆಗೆ ಸೇರಬೇಕು. ನಡುವೆ ಇದ್ದದ್ದು ಹದಿನೆಂಟು ದಿನ. ಅಷ್ಟರೊಳಗೆ ಅವಳ ಧ್ವನಿಯಲ್ಲೇ ಕೆಲವು ನೂರು ವಾಕ್ಯಗಳನ್ನು ಹಿಡಿದಿಟ್ಟುಕೊಂಡರೆ, ಮುಂದೆ ಒಂದು ಟ್ಯಾಬಿನ ಮೇಲೆ ಚಿತ್ರ ಒತ್ತಿದಾಗ ಆ ವಾಕ್ಯವನ್ನು ಅದು ಅವಳ ಧ್ವನಿಯಲ್ಲೇ ನುಡಿಯುತ್ತದೆ. ಇದಕ್ಕೊಂದು ಕಂಪನಿ ಮಾಡಿದ ಸಾಫ್ಟ್‌ವೇರ್ ಇತ್ತು. ತರಬೇತಿಯ ಹುಡುಗಿ ಅದನ್ನು ತೆರೆದು, ‘ಒಪ್ಪುತ್ತೇನೆ’ ಒತ್ತಿಬಿಡಿ ಎಂದಳು.

ಭಾವ ಕನ್ನಡಕ ಹಾಕಿಕೊಂಡು ಕರಾರು ಓದಲು ಕೂತರು. ನಾನು ಗಡಿಯಾರ ನೋಡಿದ್ದೇನೆ: ಮೂವತ್ತೇಳು ನಿಮಿಷ! ಹೊರಗೆ ಸಾಲಿನಲ್ಲಿದ್ದವರು ಎರಡು ಸಲ ಬಾಗಿಲು ತಟ್ಟಿದರು.

“ಸಾರ್, ಇದ ಯಾರುಮೇ ಪಡಿಕ್ಕ ಮಾಟ್ಟಾಂಗ ಸಾರ್,” ಎಂದಳು ಹುಡುಗಿ. ಇದನ್ನು ಯಾರೂ ಓದುವುದಿಲ್ಲವಂತೆ.

“ಅದನಾಲದಾನ್ ಮಾ ನಾನ್ ಪಡಿಕ್ಕಿರೇನ್,” ಎಂದರು ಭಾವ. ಅದಕ್ಕೇ ಅವರು ಓದುತ್ತಿದ್ದಾರಂತೆ.

ಕೊನೆಗೆ ಅವರು ಕೇಳಿದ್ದು ಒಂದೇ ಪ್ರಶ್ನೆ. ವರ್ಷಕ್ಕೊಮ್ಮೆ ಚಂದಾ ಕಟ್ಟದಿದ್ದರೆ, ಅಥವಾ ಕಂಪನಿಯೇ ಅಂಗಡಿ ಮುಚ್ಚಿದರೆ, ನನ್ನ ಹೆಂಡತಿ ಬಾಯಿ ಮುಚ್ಚಬೇಕಾ? ಅದನ್ನು ಕಂಪನಿಯವರನ್ನೇ ಕೇಳಬೇಕು ಎಂದಳು ಹುಡುಗಿ, ಪಾಪ. ಭಾವ ತೋರುಬೆರಳನ್ನು ಎತ್ತಿ, ಪೂಜೆಗೆ ಹೂ ಇಡುವಷ್ಟು ನಿಧಾನವಾಗಿ ‘ಒಪ್ಪುವುದಿಲ್ಲ’ ಒತ್ತಿದರು. ಸಾಫ್ಟ್‌ವೇರ್ ಮುಚ್ಚಿಹೋಯಿತು.

ಆಗ ಅಕ್ಕನಿಗೆ ಒಡೆದ ಧ್ವನಿ ಇನ್ನೂ ಇತ್ತು. ಅವಳು ನನ್ನ ಕಡೆ ತಿರುಗಿ ಹೇಳಿದಳು: “ಧಾರೆ ಹೊತ್ತಿಗೆ ಪುರೋಹಿತರ ಹತ್ರ ಮಂತ್ರದ ಅರ್ಥ ಕೇಳಿ ಮುಹೂರ್ತ ದಾಟಿಸಿದವರು ಇವರು. ನಿಂಗೆ ನೆನಪುಂಟಲ್ಲ?”

ನೆನಪಿದೆ. ಆಗ ನಾನು ಮಂಟಪದ ಎಡಗಂಬದ ಹತ್ತಿರ ನಿಂತಿದ್ದೆ.

ಭಾವನ ತಂದೆ ಉಡುಪಿ ಕಡೆಯಿಂದ ಬಂದು ಮೌಂಟ್ ರೋಡಿನ ಹತ್ತಿರ ಹೋಟೆಲು ನಡೆಸಿದವರು. ಭಾವ ಓದುತ್ತಲೇ ಅಲ್ಲಿ ಬಡಿಸುವ ಕೆಲಸ ಮಾಡಿದರು. ಆಮೇಲೆ ಒಂದು ಸಾಫ್ಟ್‌ವೇರ್ ಕಂಪನಿ ಸೇರಿ ಮೂವತ್ತು ವರ್ಷ ಒಂದೇ ಕೆಲಸ ಮಾಡಿದರು: ಇನ್‌ಸ್ಟಾಲರ್ ಕಟ್ಟುವುದು. ಎಂದರೆ, ಬೇರೆಯವರು ಬರೆದ ಸಾಫ್ಟ್‌ವೇರನ್ನು ಜನರ ಕಂಪ್ಯೂಟರಿನೊಳಗೆ ಸರಿಯಾದ ಜಾಗದಲ್ಲಿ ಕೂರಿಸುವ ಪುಟ್ಟ ಸಾಫ್ಟ್‌ವೇರ್.

“ಅಡುಗೆ ಯಾರು ಬೇಕಾದ್ರೂ ಮಾಡ್ತಾರೆ ಮಾರಾಯಾ, ಬಡಿಸ್ಲಿಕ್ಕೆ ಕಲೀಬೇಕು,” ಎನ್ನುತ್ತಾರೆ ಅವರು. “ಎಲೆಯ ತುದಿ ಎಡಕ್ಕೆ. ಮೊದಲು ಉಪ್ಪು, ಆಮೇಲೆ ಉಪ್ಪಿನಕಾಯಿ, ಕೋಸಂಬರಿ, ಪಲ್ಯ. ಅನ್ನದ ಮೇಲೆ ಉಪ್ಪಿನಕಾಯಿ ಸುರಿದ್ರೆ ಉಂಡವನು ಬೈಯುವುದು ಅಡುಗೆಯವನಿಗೆ! ಇನ್‌ಸ್ಟಾಲರೂ ಹಾಗೇ.”

ಇನ್‌ಸ್ಟಾಲರ್ ಕಟ್ಟಿಕೊಡುವ ದುಬಾರಿ ಸಾಧನಗಳು ಮಾರುಕಟ್ಟೆಯಲ್ಲಿ ಸಿಗುತ್ತವೆ. ಅವರ ಕಚೇರಿಯೂ ಒಂದನ್ನು ಕೊಂಡಿತ್ತು. ಭಾವ ಅದನ್ನು ಮುಟ್ಟಲಿಲ್ಲ. ಒಳಗೆ ಏನಿದೆ ಎಂದು ತೆರೆದು ನೋಡಲು ಬಿಡದ ಸೌಟಿನಲ್ಲಿ ಬಡಿಸುವುದಿಲ್ಲ ಎಂದರು. ಯಾರು ಬೇಕಾದರೂ ತೆಗೆದುಕೊಂಡು ತಿದ್ದಬಹುದಾದ ಮುಕ್ತ ಸಾಧನವೊಂದನ್ನು ಹಿಡಿದು, ಪ್ರತಿ ಸಾಲನ್ನೂ ಕೈಯಾರೆ ಬರೆದರು. ಬೇರೆಯವರ ಇನ್‌ಸ್ಟಾಲರುಗಳು ಊಟಕ್ಕೆ ಕರೆದರೆ ಭಾವಮೈದುನರನ್ನೂ ಕಟ್ಟಿಕೊಂಡು ಬರುತ್ತವೆಯಂತೆ. ನೀವು ಹಾಕುವುದು ಒಂದು ಸಾಫ್ಟ್‌ವೇರ್, ಒಳಗೆ ನುಗ್ಗುವುದು ಆರು. ಅವರು ಉದಾಹರಣೆಗೆ ಭಾವಮೈದುನನನ್ನೇ ಏಕೆ ಆರಿಸಿದರೆಂದು ನಾನು ಕೇಳಲಿಲ್ಲ.

ಅವರ ಇನ್‌ಸ್ಟಾಲರು ಸುಳ್ಳು ಹೇಳುವುದಿಲ್ಲ. ನೀವು ನೋಡಿರುತ್ತೀರಿ, ಪರದೆಯ ಮೇಲೆ ಹಸಿರು ಪಟ್ಟಿಯೊಂದು ತೆವಳುತ್ತಾ ತೊಂಬತ್ತೊಂಬತ್ತಕ್ಕೆ ಬಂದು ಅಲ್ಲೇ ಬಿಡಾರ ಹೂಡುತ್ತದೆ! “ಒಳಗೆ ಹಿಟ್ಟೇ ರುಬ್ಬದೆ, ದೋಸೆ ಇಗೋ ಬಂತು ಅಂದ ಹಾಗೆ ಅದು,” ಎಂದು ಭಾವ ಆ ಪಟ್ಟಿಯನ್ನೇ ತೆಗೆದುಹಾಕಿದರು. ಅದರ ಬದಲು ಒಂದು ಸಾಲು ಬರೆದರು: “ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಗೊತ್ತಿಲ್ಲ. ನೀರು ಕುಡಿದು ಬನ್ನಿ.” ಇದನ್ನು ಕಂಡು ಬೆಸೆಂಟ್ ನಗರದ ಗಿರಾಕಿಯೊಬ್ಬರು ಕಚೇರಿಗೆ ಫೋನ್ ಮಾಡಿದರು. “ನೀರು ಕುಡಿದಾಯ್ತು. ಈಗ ಏನು ಮಾಡಲಿ?” ಭಾವ ಆ ಪ್ರಶ್ನೆಯನ್ನು ಗಂಭೀರವಾಗಿ ತೆಗೆದುಕೊಂಡರು. ಮುಂದಿನ ಆವೃತ್ತಿಯಲ್ಲಿ ಎರಡನೇ ಸಾಲು ಸೇರಿತು: “ಇನ್ನೂ ಆಗಿಲ್ಲದಿದ್ದರೆ ಇನ್ನೊಂದು ಲೋಟ.”

ಕಾಸಿಮೇಡಿನ ಮೀನು ಹರಾಜಿನ ತಕ್ಕಡಿಗೆ ಅವರ ಕಂಪನಿ ಒಂದು ಸಾಫ್ಟ್‌ವೇರ್ ಮಾಡಿತ್ತು. ಏಕಾದಶಿಯ ದಿನ ಈರುಳ್ಳಿಯ ಹೆಸರನ್ನೂ ಎತ್ತದ ನಮ್ಮ ಭಾವ ಬೆಳಗ್ಗೆ ಐದಕ್ಕೆ ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಬಂದರಿಗೆ ಹೋದರು. ಏಕೆ? ಮೀನು ಹಿಡಿದ ಕೈಯಲ್ಲಿ ಮೌಸ್ ಹಿಡಿದರೆ ಗುಂಡಿ ಸಿಗುತ್ತದೆಯೇ ಎಂದು ನೋಡಲು! ಸಿಗಲಿಲ್ಲ. ವಾಪಸು ಬಂದು ತಮ್ಮ ಇನ್‌ಸ್ಟಾಲರಿನ ಗುಂಡಿಗಳನ್ನೆಲ್ಲ ಇಡ್ಲಿಯಷ್ಟು ದೊಡ್ಡದು ಮಾಡಿದರು. ಅಕ್ಕ ಅವರಿಗೆ ಹೊರಗಿನ ನಲ್ಲಿಯಲ್ಲಿ ಒಂದು, ಒಳಗೆ ಒಂದು, ಹೀಗೆ ಎರಡು ಸ್ನಾನ ಮಾಡಿಸಿದಳು.

ನಿವೃತ್ತಿಯಾಗಿ ಎರಡು ವರ್ಷವಾದ ಮೇಲೆ, ಈಗ, ಇದೇ ಮನುಷ್ಯ ಅಕ್ಕನಿಗಾಗಿ ಇನ್‌ಸ್ಟಾಲರ್ ಕಟ್ಟಲು ಕೂತರು.

ಮಾತು ಹೋದವರಿಗಾಗಿ ಎಲ್ಲೆಲ್ಲಿಯದೋ ಜನ ಸೇರಿ ಬರೆದು, ಎಲ್ಲರೂ ಬಳಸಲಿ ಎಂದು ಬಿಟ್ಟುಕೊಟ್ಟ ಸಾಫ್ಟ್‌ವೇರ್ ಒಂದಿತ್ತು. ಚಂದಾ ಇಲ್ಲ, ಕರಾರು ಇಲ್ಲ, ಇಂಟರ್ನೆಟ್ಟೂ ಬೇಡ. ಆದರೆ ಅದು ಸಿಗುವುದು ಬಿಡಿಬಿಡಿಯಾಗಿ, ನಲವತ್ತು ತುಂಡುಗಳಲ್ಲಿ. ಅಡುಗೆ ಕೇಳಿದರೆ ಕೊಯಂಬೇಡಿನ ತರಕಾರಿ ಲಾರಿಯನ್ನೇ ಮನೆ ಬಾಗಿಲಿಗೆ ತಂದು ನಿಲ್ಲಿಸಿದ ಹಾಗೆ.

ನಾನು ಕೇಳಿದೆ: “ಭಾವ, ಆ ತುಂಡುಗಳನ್ನೆಲ್ಲ ನೀವೇ ಒಮ್ಮೆ ಜೋಡಿಸಿ ಅಕ್ಕನ ಟ್ಯಾಬಿಗೆ ಹಾಕಿಕೊಟ್ರೆ ಮುಗೀತಲ್ಲ? ಅದಕ್ಕೆ ಇನ್‌ಸ್ಟಾಲರ್ ಯಾಕೆ?”

“ಈ ಟ್ಯಾಬ್ ಬಿದ್ದು ಒಡೀತು ಅಂತ ಇಟ್ಕೋ.”

“ಇನ್ನೊಂದಕ್ಕೆ ಹಾಕಿ.”

“ಆವಾಗ ನಾನು ಇಲ್ಲ ಅಂತ ಇಟ್ಕೋ.”

ಭಾವ ಟ್ಯಾಬನ್ನು ನನ್ನ ಕಡೆ ತಿರುಗಿಸಿದರು.

“ಅವಳೇ ಹೊಸತು ತಂದು, ಒಂದು ಗುಂಡಿ ಒತ್ತಿ, ನೀರು ಕುಡಿದು ಬರುವಷ್ಟರಲ್ಲಿ ಮಾತಾಡ್ಬೇಕು. ಯಾರ ಹತ್ರವೂ ಕೇಳುವ ಹಾಗೆ ಇರಬಾರದು. ಕೇಳ್ಲಿಕ್ಕೆ ಅವಳಿಗೆ ಬಾಯಿ ಎಲ್ಲುಂಟು?”

ಮಾಧವರಂನ ಅವರ ಮನೆಯಲ್ಲಿ ಹದಿನೈದು ದಿನ ಇದೇ ಕೆಲಸ. ಪರೀಕ್ಷೆಗೆ ಕಂಪ್ಯೂಟರಿನ ಗಂಧವಿಲ್ಲದ ಜನ ಬೇಕಿತ್ತು. “ನಿನ್ನಷ್ಟು ಗೊತ್ತಿಲ್ಲದವ ಇಡೀ ಮದ್ರಾಸಿನಲ್ಲಿ ಸಿಗುವುದಿಲ್ಲ,” ಎಂದು ನನ್ನನ್ನು ಕೂರಿಸಿದರು. ನಾನು ಹಾಲಿನ ಡೈರಿಯ ಪರೀಕ್ಷಾ ಕೋಣೆಯಲ್ಲಿ ಇಪ್ಪತ್ತೊಂಬತ್ತು ವರ್ಷ ದುಡಿದವನು. ಹಾಲಿನಲ್ಲಿ ನೀರೆಷ್ಟು ಎಂದು ಕೇಳಿದರೆ ಹೇಳಬಲ್ಲೆ, ಅಷ್ಟೆ. ಎರಡನೇ ಪರೀಕ್ಷಕಿ ಮೇಲಿನ ಮನೆಯ ಮಾಮಿ. ನಾಲ್ಕು ತಲೆಮಾರಿನಿಂದ ಮದ್ರಾಸಿನಲ್ಲೇ ಇರುವ ಕನ್ನಡದ ಅಯ್ಯಂಗಾರ್ ಮನೆತನ, ವಯಸ್ಸು ಎಪ್ಪತ್ತಾರು.

“ಏನಪ್ಪಾ ಇದು, ಅಡಿಕ್ಕಡಿ ಮುಂದೆ ಮುಂದೆ ಅಂತ ಕೇಳಿಂಡೇ ಇರತ್ತೆ? ಒಂದು ತಡವೆ ಕೇಳಿದ್ರೆ ಪೋದಾದಾ?” ಎಂದರು ಮಾಮಿ.

ಪೋದುಂ, ಒಂದು ಸಲ ಸಾಕು ಎಂದು ಭಾವ ಒಪ್ಪಿಕೊಂಡರು. ಐದು ಗುಂಡಿಗಳಿದ್ದದ್ದು ಅಂದೇ ಒಂದಾಯಿತು. ಕರಾರು ಬೇಡವೆಂದ ಮನುಷ್ಯ ಮಾಮಿಗೆ ಒಪ್ಪಿದ್ದನ್ನು ನಾನು ಕಣ್ಣಾರೆ ಕಂಡೆ.

ಅತ್ತ ಅಕ್ಕ, ಧ್ವನಿ ಸ್ಪಷ್ಟವಾಗಿ ಹಿಡಿಯುತ್ತದೆಂದು ಮಾಮಿಯ ಫೋನಿನಲ್ಲೇ ವಾಕ್ಯಗಳನ್ನು ಹೇಳಿ ತುಂಬಿಸುತ್ತಿದ್ದಳು. ಆಸ್ಪತ್ರೆಯವರು ಇನ್ನೂರು ವಾಕ್ಯಗಳ ಒಂದು ಪಟ್ಟಿ ಕೊಟ್ಟಿದ್ದರು. ಯಾರೋ ಅದನ್ನು ಕನ್ನಡಕ್ಕೆ ಇಳಿಸಿದ್ದರು. “ನನಗೆ ಬಾಯಾರಿಕೆಯಾಗಿದೆ.” “ದಯವಿಟ್ಟು ಕಿಟಕಿಯನ್ನು ತೆರೆಯಿರಿ.” “ತಮ್ಮ ಸಹಾಯಕ್ಕೆ ಧನ್ಯವಾದಗಳು.” ಅಕ್ಕ ಗಂಟಲು ಸರಿಮಾಡಿಕೊಂಡು, ಬೆನ್ನು ನೆಟ್ಟಗೆ ಮಾಡಿ, ಒಂದೊಂದನ್ನೂ ರೈಲ್ವೆ ನಿಲ್ದಾಣದ ಪ್ರಕಟಣೆಯಂತೆ ಓದಿದಳು. ಮೂವತ್ನಾಲ್ಕು ವರ್ಷದ ಸಂಸಾರದಲ್ಲಿ ಅವಳು ಭಾವನಿಗೆ ದಯವಿಟ್ಟು ಎಂದದ್ದು ಅದೇ ಮೊದಲು! ಆ ಇನ್ನೂರೂ ಟ್ಯಾಬಿನೊಳಗೆ, ಸಾಫ್ಟ್‌ವೇರ್ ಕೂತ ಜಾಗದಲ್ಲೇ ಸೇರಿದವು.

ಈಗ ಆ ಶುಕ್ರವಾರಕ್ಕೆ ಬರುತ್ತೇನೆ. ಮರುದಿನ ಹನ್ನೊಂದಕ್ಕೆ ಅಕ್ಕ ಆಸ್ಪತ್ರೆಗೆ ಸೇರಬೇಕು. ಮಧ್ಯಾಹ್ನ ಮೂರೂ ನಲವತ್ತು. ಇನ್‌ಸ್ಟಾಲರ್ ಸಿದ್ಧವಾಗಿತ್ತು. ಆದರೆ ಭಾವ ಬಡಿಸಿ ಎದ್ದುಹೋಗುವವರಲ್ಲ. ಊಟವಾದ ಮೇಲೆ ಎಲೆ ಎತ್ತಬೇಕು, ನೆಲಕ್ಕೆ ಸಗಣಿ ಸಾರಿಸಬೇಕು, ಒಂದು ಅಗುಳೂ ಉಳಿಯಬಾರದು. ಅದು ಅವರ ಮನೆಯ ಪದ್ಧತಿ. ಹಾಗಾಗಿ ಸಾಫ್ಟ್‌ವೇರ್ ಬೇಡವೆಂದಾಗ ಅದನ್ನು ಪೂರ್ತಿ ಕಿತ್ತು ಜಾಗ ಶುದ್ಧಮಾಡುವ ಭಾಗವನ್ನೂ ಅವರು ಬರೆದಿದ್ದರು. “ಎಲೆ ಎತ್ತುವುದೊಂದು ನೋಡಿಬಿಡುವಾ,” ಎಂದು ಗುಂಡಿ ಒತ್ತಿದರು. ಎಲೆ ಎದ್ದಿತು. ನೆಲ ಸಾರಿಸಿ ಆಯಿತು. ಪರದೆಯ ಮೇಲೆ ಅವರೇ ಬರೆದಿಟ್ಟ ಸಾಲು ಮೂಡಿತು: “ಪೂರ್ಣವಾಗಿ ತೆಗೆದಿದೆ. ಒಂದು ಅಗುಳೂ ಉಳಿದಿಲ್ಲ.”

ನಿಜವಾಗಿಯೂ ಉಳಿದಿರಲಿಲ್ಲ. ಅಕ್ಕನ ಇನ್ನೂರು ವಾಕ್ಯಗಳೂ ಎಂಜಲೆಲೆಯ ಜೊತೆ ಹೋಗಿದ್ದವು.

ಭಾವ ಪರದೆಯನ್ನು ಒಂದು ನಿಮಿಷ ನೋಡಿದರು. ಆಮೇಲೆ, “ಮಾಮಿಯ ಫೋನಿನಲ್ಲಿ ಉಂಟಲ್ಲ,” ಎಂದರು. ನಾನು ಮೇಲೆ ಓಡಿದೆ. ಹದಿನೆಂಟು ಮೆಟ್ಟಿಲು. ಮಾಮಿ ಬಾಗಿಲಲ್ಲೇ ಸಿಕ್ಕರು.

“ಅದಾ? ಅಳಿಸಿಬಿಟ್ಟೆ ಕಣಪ್ಪಾ. ಫೋನಿನಲ್ಲಿ ಇಡಮೇ ಇಲ್ಲ. ನಾದಿನಿ ದಿನಾ ಬೆಳಗ್ಗೆ ಪೆರುಮಾಳ್ ಪಟ ಕಳಿಸ್ತಾಳೆ, ಅದನ್ನ ಎಲ್ಲಿಡಲಿ?”

ನಾನು ಕೆಳಗೆ ಬಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಬೇರೆ ಹೇಗೆ ಹೇಳುವುದೆಂದು ನನಗೆ ತಿಳಿಯಲಿಲ್ಲ. ಭಾವ ಕುರ್ಚಿಯಿಂದ ಎದ್ದರು, ಮತ್ತೆ ಕೂತರು, ಮತ್ತೆ ಎದ್ದರು. ನನ್ನ ಹಿಂದೆಯೇ ಮಾಮಿ ಇಳಿದು ಬಂದು ಬಾಯಿಗೆ ಸೆರಗು ಒತ್ತಿಕೊಂಡು ನಿಂತರು.

ಅಡುಗೆಮನೆಯಿಂದ ಅಕ್ಕ ಬಂದಳು. ಅವಳಿಗೆ ವಿಷಯ ಹೇಳಿದ್ದು ನಾನು. ಅವಳು ಒಡೆದ ಧ್ವನಿಯಲ್ಲಿ ನಗತೊಡಗಿದಳು.

“ಒಳ್ಳೇದೇ ಆಯ್ತು. ಆ ಹೆಂಗಸು ಯಾರು ಅಂತ ನಂಗೆ ಗೊತ್ತೇ ಇರ್ಲಿಲ್ಲ. ತಮ್ಮ ಸಹಾಯಕ್ಕೆ ಧನ್ಯವಾದವಂತೆ! ಇವರಿಗೆ ನಾನು ಧನ್ಯವಾದ ಹೇಳುವುದುಂಟಾ? ಎಲ್ಲಿ ಮಾಮಿ ಫೋನು? ತನ್ನಿ ಇಲ್ಲಿ.”

ಗಂಟಲಿಗೆ ಹೆಚ್ಚು ಆಯಾಸ ಮಾಡಬಾರದೆಂದು ವೈದ್ಯರು ಹೇಳಿದ್ದರು. ಅಕ್ಕ ಬಿಸಿನೀರಿನ ಲೋಟ ಪಕ್ಕಕ್ಕಿಟ್ಟುಕೊಂಡು, ಆಸ್ಪತ್ರೆಯ ಪಟ್ಟಿಯನ್ನು ಲೋಟದ ಅಡಿಗಿಟ್ಟು, ನಾಲ್ಕೂ ಹತ್ತರಿಂದ ಆರೂವರೆಯವರೆಗೆ ಮಾತಾಡಿದಳು. ಫೋನು ಹಿಡಿದವರು ಭಾವ. ಅಕ್ಕ ಅವರ ಮುಖ ನೋಡಿಕೊಂಡೇ ಹೇಳಿದಳು.

“ಹೋಯ್, ಕನ್ನಡಕ ತಲೆ ಮೇಲೇ ಉಂಟು.”

“ಗ್ಯಾಸ್ ಆಫ್ ಮಾಡಿದ್ರಾ? ಹೋಗಿ ನೋಡಿ ಬನ್ನಿ. ನೋಡಿದ್ದೇನೆ ಅನ್ಬೇಡಿ, ನೋಡಿ ಬನ್ನಿ.”

“ಆ ಅಂಗಿ ಹಾಕ್ಕೊಂಡು ಹೊರಗೆ ಹೋಗ್ಬೇಡಿ, ನೋಡಿದವರು ನನಗೆ ಬೈತಾರೆ.”

“ಸಕ್ಕರೆ ಒಂದೇ ಚಮಚ. ಡಬ್ಬಿ ಮುಚ್ಚಿದ ಸದ್ದು ನನಗೆ ಕೇಳ್ಲಿಲ್ಲ.”

“ಹಾಲು ಉಕ್ತಾ ಉಂಟು! ಅಲ್ಲಿ ಎಂತ ನೋಡ್ತಾ ನಿಂತದ್ದು?”

ಗಂಡನಿಗೆ ಎದುರು ಮಾತಾಡಲು ಆಗದ ಸ್ಥಿತಿ! ತುಟಿ ತೆರೆದರೆ ಅದೂ ಧ್ವನಿಯ ಜೊತೆ ಸೇರಿಕೊಳ್ಳುತ್ತದೆ. ಎರಡು ಗಂಟೆ ಇಪ್ಪತ್ತು ನಿಮಿಷ ಭಾವ ಒಂದೇ ಸಮನೆ ಬೈಸಿಕೊಂಡರು. ಇಪ್ಪತ್ತೆರಡನೆಯ ವಾಕ್ಯದಲ್ಲಿ ತಡೆಯಲಾರದೆ, “ಆಯ್ತು ಮಾರಾಯ್ತಿ,” ಎಂದುಬಿಟ್ಟರು. ಅಕ್ಕ, “ಇರ್ಲಿ, ಅಳಿಸ್ಬೇಡಿ, ಸಾಕ್ಷಿಗೆ ಬೇಕು,” ಎಂದಳು. ಒಟ್ಟು ನೂರ ನಲವತ್ತಮೂರು ವಾಕ್ಯ. ಕೊನೆಯ ಹತ್ತರಲ್ಲಿ ಧ್ವನಿ ಬಹಳ ಸಣ್ಣದಾಗಿತ್ತು.

ಅಂದು ಸಂಜೆಯೇ ಭಾವ ಎಲೆ ಎತ್ತುವ ಭಾಗವನ್ನು ಇನ್‌ಸ್ಟಾಲರಿನಿಂದ ಕಿತ್ತುಹಾಕಿದರು. ಇನ್‌ಸ್ಟಾಲರನ್ನೂ ವಾಕ್ಯಗಳನ್ನೂ ಒಟ್ಟಿಗೆ ಹನ್ನೊಂದು ಪೆನ್‌ಡ್ರೈವಿನಲ್ಲಿ ತುಂಬಿದರು. ಒಂದು ಅಕ್ಕಿ ಡಬ್ಬಿಯಲ್ಲಿ, ಒಂದು ದೇವರ ಮಂಟಪದಲ್ಲಿ, ಒಂದು ಅವರ ತಮ್ಮನ ಹೋಟೆಲಿನ ಗಲ್ಲಾದಲ್ಲಿ, ಒಂದು ನನ್ನ ಬೀರುವಿನಲ್ಲಿ. ಮಾಮಿಗೆ ಮಾತ್ರ ಕೊಡಲಿಲ್ಲ.

ಶಸ್ತ್ರಚಿಕಿತ್ಸೆ ಚೆನ್ನಾಗಿ ಆಯಿತು. ಹದಿನಾರು ದಿನಕ್ಕೆ ಅಕ್ಕ ಮನೆಗೆ ಬಂದಳು. ಭಾವ ಹೊಚ್ಚಹೊಸ ಟ್ಯಾಬು ಅವಳ ಮುಂದಿಟ್ಟು, ಒತ್ತು ಎಂದರು. ಅವಳು ಒತ್ತಿದಳು. ನೀರು ಕುಡಿದು ಬನ್ನಿ ಎಂದಿತು. ಕುಡಿಯುವಷ್ಟರಲ್ಲಿ ನೂರ ನಲವತ್ತಮೂರು ಚಿತ್ರಗಳು ಸಾಲಾಗಿ ಕೂತವು. ಅಲ್ಲಿಗೆ ಇನ್‌ಸ್ಟಾಲರ್ ಗೆದ್ದಿತು.

ಆದರೆ ಅಕ್ಕ ಅದನ್ನು ಮತ್ತೆ ಮುಟ್ಟಲಿಲ್ಲ. ಒಂದು ಸ್ಲೇಟು ತರಿಸಿಕೊಂಡು, ಬೇಕಾದದ್ದನ್ನು ಬರೆದು ತೋರಿಸುತ್ತಿದ್ದಳು. “ನೀರು.” “ಸಾಕು.” “ಬೇಡ.” ನಾಲ್ಕು ದಿನವಾಯಿತು. ತನ್ನ ಹಳೆಯ ಧ್ವನಿ ಕೇಳಲು ಅವಳಿಗೆ ಆಗುತ್ತಿಲ್ಲವೆಂದು ನನಗನಿಸಿತು. ಭಾವ ಮೊದಲು ಇನ್‌ಸ್ಟಾಲರಿನಲ್ಲೇ ದೋಷವಿದೆಯೆಂದು ಎರಡು ದಿನ ಹುಡುಕಿದರು. ಸಿಗಲಿಲ್ಲ.

ಐದನೇ ದಿನದಿಂದ ಅವರು ಟ್ಯಾಬನ್ನು ತಾವೇ ಹಿಡಿದುಕೊಂಡು ಓಡಾಡತೊಡಗಿದರು. ಕಾಫಿ ಮಾಡುವ ಮೊದಲು ಸಕ್ಕರೆಯ ಚಿತ್ರ ಒತ್ತುವುದು. “ಸಕ್ಕರೆ ಒಂದೇ ಚಮಚ,” ಎಂದು ಅಕ್ಕನ ಧ್ವನಿ ಗದರುವುದು. “ಆಯ್ತು, ಒಂದೇ,” ಎಂದು ಇವರು ಉತ್ತರಿಸುವುದು. ಹೊರಗೆ ಹೊರಡುವಾಗ ಅಂಗಿಯ ಚಿತ್ರ ಒತ್ತಿ ಬೈಸಿಕೊಂಡು, ಅಂಗಿ ಬದಲಿಸಿ ಬರುವುದು. ಗ್ಯಾಸಿನ ಚಿತ್ರ ಒತ್ತಿ, “ನೋಡಿದ್ದೇನೆ,” ಎಂದು, “ನೋಡಿ ಬನ್ನಿ,” ಎಂದು ಇನ್ನೊಮ್ಮೆ ಒತ್ತಿ ಹೇಳಿಸಿಕೊಂಡು, ಹೋಗಿ ನೋಡಿಬರುವುದು! ತನ್ನನ್ನು ತಾನೇ ಇಷ್ಟು ಶಿಸ್ತಾಗಿ ಬೈಸಿಕೊಂಡ ಗಂಡನನ್ನು ನೀವು ಕಂಡಿದ್ದೀರಾ? ಮಾಮಿ ಮೆಟ್ಟಿಲ ಮೇಲೆ ನಿಂತು ಸೆರಗಿನೊಳಗೆ ನಗುತ್ತಿದ್ದರು. ಅಕ್ಕ ಕಿಟಕಿಯ ಕಡೆ ಮುಖ ಮಾಡಿ ಕೂತಿರುತ್ತಿದ್ದಳು.

ಹನ್ನೆರಡನೇ ದಿನ ಬೆಳಗ್ಗೆ ಎಂಟೂ ಹತ್ತು. ನಾನು ಹಜಾರ ಮತ್ತು ಅಡುಗೆಮನೆಯ ನಡುವಿನ ಬಾಗಿಲಲ್ಲಿದ್ದೆ. ಒಲೆಯ ಮೇಲೆ ಒಂದು ಲೀಟರ್ ಹಾಲು. ಅಂಚಿನಲ್ಲಿ ಗುಳ್ಳೆ ಕಟ್ಟಿ, ಕೆನೆ ನಡುವೆ ಉಬ್ಬತೊಡಗಿತ್ತು. ಆ ಹಂತದಿಂದ ಉಕ್ಕಲು ಎಷ್ಟು ಹೊತ್ತು ಬೇಕೆಂದು ನನಗೆ ಚೆನ್ನಾಗಿ ಗೊತ್ತು. ಭಾವ ಒಲೆಯ ಮುಂದೆಯೇ ನಿಂತಿದ್ದರು. ಒಲೆ ಆರಿಸುವುದು ಬಿಟ್ಟು ಟ್ಯಾಬಿನಲ್ಲಿ ಏನನ್ನೋ ಹುಡುಕುತ್ತಿದ್ದರು.

“ಭಾವ, ಹಾಲು!” ಎಂದೆ.

“ತಡಿ ಮಾರಾಯಾ, ಅವಳು ಇನ್ನೂ ಹೇಳ್ಲಿಲ್ಲ,” ಎಂದರು. ಬೆರಳು ಕೆಳಗಿನ ಸಾಲುಗಳಲ್ಲಿ ಅಲೆಯುತ್ತಿತ್ತು.

ಹಾಲಿನ ಚಿತ್ರ ಮೊದಲ ಸಾಲಿನಲ್ಲಿ, ಎಡಗಡೆ ಎರಡನೆಯದಾಗಿ ಇತ್ತು. ಅದನ್ನು ಅಲ್ಲಿ ಕೂರಿಸಿದವರು ಅವರೇ. ನಾನು ನಿಂತ ಜಾಗದಿಂದ ಅದು ಸ್ಪಷ್ಟವಾಗಿ ಕಾಣುತ್ತಿತ್ತು. ಕೆನೆ ಪಾತ್ರೆಯ ಅಂಚಿಗೆ ಬಂತು. ಭಾವ ಇನ್ನೂ ಕೆಳಗೇ ಹುಡುಕುತ್ತಿದ್ದರು.

ಕಿಟಕಿಯ ಬಳಿ ಕುರ್ಚಿ ಸರಿದ ಸದ್ದಾಯಿತು. ಅಕ್ಕ ನನ್ನನ್ನು ಪಕ್ಕಕ್ಕೆ ನೂಕಿ ಒಳಗೆ ಬಂದಳು. ಎಡಗೈಯಲ್ಲಿ ಒಲೆ ಆರಿಸಿದಳು, ಬಲಗೈಯಲ್ಲಿ ಟ್ಯಾಬು ಕಿತ್ತುಕೊಂಡಳು, ಒಂದು ಕ್ಷಣವೂ ಹುಡುಕದೆ ಒತ್ತಿದಳು.

“ಹಾಲು ಉಕ್ತಾ ಉಂಟು! ಅಲ್ಲಿ ಎಂತ ನೋಡ್ತಾ ನಿಂತದ್ದು?”

ಆಮೇಲೆ ನಿಲ್ಲಿಸಲಿಲ್ಲ. ಕನ್ನಡಕದ್ದು ಒತ್ತಿದಳು, ಅಂಗಿಯದ್ದು ಒತ್ತಿದಳು, ನಾನು ಅದುವರೆಗೆ ಕೇಳಿರದ ಇನ್ನೂ ಎಷ್ಟನ್ನೋ ಒತ್ತಿದಳು. ಹದಿನಾಲ್ಕು ನಿಮಿಷದಲ್ಲಿ ಮೂವತ್ತೊಂದು ವಾಕ್ಯ, ನಾನು ಎಣಿಸಿದ್ದೇನೆ. ಒಂದೊಂದಕ್ಕೂ ಭಾವ, “ಆಯ್ತು ಮಾರಾಯ್ತಿ, ಆಯ್ತು,” ಎನ್ನುತ್ತಿದ್ದರು.

ಅಲ್ಲಿ ಆಗ ಇದ್ದವರು ನಾಲ್ವರು. ಮೆಟ್ಟಿಲ ಮೇಲಿದ್ದ ಮಾಮಿ ಕಳೆದ ಆಡಿ ತಿಂಗಳಲ್ಲಿ ತೀರಿಕೊಂಡರು. ಭಾವ ಇದ್ದಾರೆ, ಆದರೆ ಆ ಹದಿನಾಲ್ಕು ನಿಮಿಷವೂ ಗೋಡೆಗೆ ಮುಖ ಮಾಡಿ ಕನ್ನಡಕ ಒರೆಸುತ್ತಿದ್ದರು, ಅವರ ಸಾಕ್ಷಿ ನಿಲ್ಲುವುದಿಲ್ಲ. ನಾನಿದ್ದೇನೆ. ಮತ್ತು ಅಕ್ಕ ಇದ್ದಾಳೆ, ಮಾಧವರಂನ ಅದೇ ಮನೆಯಲ್ಲಿ. ನಾನು ಹೇಳಿದ್ದರಲ್ಲಿ ಏನಾದರೂ ಸಂದೇಹವಿದ್ದರೆ ಹೋಗಿ ಅವಳನ್ನು ಕೇಳಿ. ಹೇಳುತ್ತಾಳೆ.